ಹೆಸರುಳಿಯದ ಸೋದರಿ



"ಮಗನು ಓದಲಿ, ಮಗಳಿಗೆ ಕಾಗದ ಬರೆಯುವಷ್ಟು ಬಂದರೆ ಸಾಲದೇ?" ಎಂಬ ಮಾತು ಕೆಲವು ಮನೆಗಳಲ್ಲಿ ಇನ್ನೂ ಕೇಳಬರುತ್ತದೆ. ಇದಕ್ಕೆ ಉತ್ತರವಾಗಿ ಪಶ್ಚಿಮ ಆಫ್ರಿಕದ ಒಬ್ಬ ದಾಸನ ಚರಿತ್ರೆಯನ್ನು ತಮ್ಮ ಮುಂದಿಡಲು ಅಪೇಕ್ಷಿಸುತ್ತೇನೆ.

ಒಲೌಡಾ ಇಕ್ವಿಯಾನೊ ಎಂಬಾತನು ತಾನು ಸುಮಾರು 1745ರಲ್ಲಿ, ಈಗಿನ ನೈಜೀರಿಯಾ ದೇಶದ ಇಗ್ಬೋ ಜನರಲ್ಲಿ ಹುಟ್ಟಿದವನೆಂದು ಬರೆದಿದ್ದಾನೆ. ಅವನಿಗೆ 11 ವರ್ಷವಾಗಿದ್ದಾಗ, ಹಿರಿಯರು ಹೊಲಕ್ಕೆ ಹೋಗಿದ್ದ ವೇಳೆಯಲ್ಲಿ, ಇಬ್ಬರು ಗಂಡಸರೂ ಒಬ್ಬ ಹೆಂಗಸೂ ಗೋಡೆ ಹಾರಿ ಬಂದು ಅವನನ್ನೂ ಅವನ ಒಬ್ಬಳೇ ಸೋದರಿಯನ್ನೂ ಕದ್ದೊಯ್ದರು. ಬೇಗನೆ ಇಬ್ಬರನ್ನೂ ಅಗಲಿಸಿದರು. ಮುಂದೊಮ್ಮೆ ದಾರಿಯಲ್ಲಿ ಅವರು ಸಂಧಿಸಿದಾಗ, ನಡುವೆ ಮಲಗಿದ್ದ ಒಡೆಯನ ಎದೆಯ ಮೇಲಿನಿಂದಲೇ ಒಬ್ಬರ ಕೈಯನ್ನೊಬ್ಬರು ಇರುಳೆಲ್ಲ ಹಿಡಿದುಕೊಂಡಿದ್ದರು. ಬೆಳಗಾಗುತ್ತಲೇ ಆಕೆಯನ್ನು ಎಳೆದೊಯ್ದರು. ಆ ಬಳಿಕ ಅವನು ಆಕೆಯನ್ನು ಕಾಣಲೇ ಇಲ್ಲ.

ಹುಡುಗನನ್ನು ಹಡಗಿನಲ್ಲಿ ಬಾರ್ಬೇಡೋಸಿಗೂ ಅಲ್ಲಿಂದ ವರ್ಜೀನಿಯಕ್ಕೂ ಸಾಗಿಸಿದರು. ಪ್ಯಾಸ್ಕಲ್ ಎಂಬ ಇಂಗ್ಲಿಷ್ ನೌಕಾಧಿಕಾರಿಯು ಅವನನ್ನು ಕೊಂಡನು. ಒಡೆಯನು ಓದುವುದನ್ನು ಕಂಡ ಬಾಲಕನು, ಒಬ್ಬನೇ ಇದ್ದಾಗ ಪುಸ್ತಕದೊಡನೆ ಮಾತನಾಡಿ, ಅದು ಉತ್ತರ ಕೊಡುವುದೆಂದು ಕಿವಿಯಿಟ್ಟು ಕಾಯುತ್ತಿದ್ದನಂತೆ! ಲಂಡನ್ನಿನಲ್ಲಿ ಗೆರಿನ್ ಮನೆತನದ ಸ್ತ್ರೀಯರು ಅವನಿಗೆ ಓದು ಕಲಿಸಿ, ಶಾಲೆಗೂ ಕಳುಹಿಸಿದರು. ಆದರೂ 1762ರಲ್ಲಿ ಪ್ಯಾಸ್ಕಲನು ಅವನನ್ನು ಮಾರಿಬಿಟ್ಟನು. ಮಾಂಟ್ಸೆರಾಟ್ ದ್ವೀಪದಲ್ಲಿ ದಾಸನಾಗಿರುವಾಗಲೇ 3 ಪೆನ್ನಿಗೆ ಒಂದು ಗಾಜಿನ ಲೋಟವನ್ನು ಕೊಂಡು 6 ಪೆನ್ನಿಗೆ ಮಾರಿ ಅವನು ವ್ಯಾಪಾರವನ್ನಾರಂಭಿಸಿದನು. ಹೀಗೆ ಕೂಡಿಸಿದ ಹಣದಿಂದ, 1766ರಲ್ಲಿ 40 ಪೌಂಡು ತೆತ್ತು ತನ್ನನ್ನು ತಾನೇ ಬಿಡಿಸಿಕೊಂಡನು. 1789ರಲ್ಲಿ ಅವನ ಆತ್ಮಚರಿತ್ರೆಯು ಪ್ರಕಟವಾಗಿ, ಅವನ ಜೀವಮಾನದಲ್ಲೇ 9 ಮುದ್ರಣಗಳನ್ನು ಕಂಡಿತು. ಅವನು 1797ರಲ್ಲಿ ತೀರಿಕೊಂಡನು. 1807ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ದಾಸವ್ಯಾಪಾರವನ್ನು ನಿಷೇಧಿಸಿತು.

ಅವನ ದೀಕ್ಷಾಸ್ನಾನದ ದಾಖಲೆಯಲ್ಲಿ ಜನ್ಮಸ್ಥಳವು ಅಮೆರಿಕದ ಕ್ಯಾರೊಲೈನಾ ಎಂದಿರುವುದರಿಂದ, ಬಾಲ್ಯದ ವೃತ್ತಾಂತದ ವಿಷಯದಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವುಂಟು. ಅದು ಹೇಗೇ ಇರಲಿ, ಆಫ್ರಿಕದಿಂದ ಅಟ್ಲಾಂಟಿಕ್ ಸಾಗರದಾಚೆಗೆ ಸಾಗಿಸಲು ಹಡಗು ಹತ್ತಿಸಲ್ಪಟ್ಟ ಸುಮಾರು 1 ಕೋಟಿ 25 ಲಕ್ಷ ಜನರಲ್ಲಿ ಅಂತಹ ಸೋದರಿಯರು ಲಕ್ಷಗಟ್ಟಲೆ ಇದ್ದರೆಂಬುದರಲ್ಲಿ ವಿವಾದವಿಲ್ಲ.

ಅಣ್ಣತಮ್ಮಂದಿರ ಕಷ್ಟಕ್ಕಿಂತ ಅವರ ಕಷ್ಟವೇನು ಕಡಿಮೆಯದಾಗಿತ್ತೇ? ಇಕ್ವಿಯಾನೊ ಅಕ್ಷರ ಕಲಿತನು. ತಾನು ಕಂಡುದನ್ನು ತಾನೇ ಹೇಳಿದನು. ಅವನನ್ನು ಕೊಂಡು ಮಾರಿದ ಜನರೇ ಅದನ್ನು ಓದಬೇಕಾಯಿತು. ಅವನ ಸೋದರಿಯ ಹೆಸರಾದರೋ ಅವನ ಪುಸ್ತಕದಲ್ಲಿಯೂ ಇಲ್ಲ. ಆಕೆಯು ಮುಂದೇನಾದಳೆಂದು ಹೇಳುವವರು ಯಾರೂ ಉಳಿಯಲಿಲ್ಲ.

ವಿದ್ಯೆಯು ಬಂದ ಕೂಡಲೇ ದುಃಖವೆಲ್ಲ ತೀರುವುದೆಂದು ನಾನು ಹೇಳುವುದಿಲ್ಲ. ಓದು ಬಂದಿದ್ದ ಇಕ್ವಿಯಾನೊವನ್ನೂ ಮಾರಿದರಷ್ಟೆ. ಆದರೆ ಅನ್ಯಾಯವನ್ನು ಅನ್ಯಾಯವೆಂದು ನಾಲ್ಕು ಜನರು ಕೇಳುವಂತೆ ಹೇಳುವ ಬಲವನ್ನು ವಿದ್ಯೆಯು ಕೊಡುತ್ತದೆ. ಆ ಬಲವನ್ನು ಮಗನಿಗೆ ಕೊಟ್ಟು ಮಗಳಿಗೆ ಇಲ್ಲವೆನ್ನುವುದು ನ್ಯಾಯವಲ್ಲ. ಆದುದರಿಂದ ಪೋಷಕರೇ, ತಮ್ಮ ಹುಡುಗಿಯರನ್ನು ನಡುವೆಯೇ ಶಾಲೆ ಬಿಡಿಸಬೇಡಿರಿ. ಹಳೆಯ ವಿದ್ಯಾರ್ಥಿನಿಯರೇ, ನೀವು ಕಲಿತ ಅಕ್ಷರವನ್ನು ಅಡಿಗೆಯ ಲೆಕ್ಕಕ್ಕೆ ಮಾತ್ರ ಮೀಸಲಿಡದೆ, ನಿಮ್ಮ ತಾಯಂದಿರ, ಅಜ್ಜಿಯರ ಜೀವನವನ್ನೂ ಬರೆದಿಡಿರಿ. ಮೊದಲನೆಯ ಸಾಲಿನಲ್ಲಿಯೇ ಅವರ ಹೆಸರಿರಲಿ.

— ಮುಖ್ಯೋಪಾಧ್ಯಾಯಿನಿ