ಅರ್ಧಬಲದ ಔಷಧ

ಲಕ್ಷ್ಮೇಶ್ವರದ ಓರ್ವ ತಾಯಿಯವರು ಕಳೆದ ತಿಂಗಳು ನಮಗೆ ಪತ್ರ ಬರೆದಿದ್ದಾರೆ. ಅವರಿಗೆ ಸಕ್ಕರೆ ಕಾಯಿಲೆ ಇರುವುದು ತಿಳಿದುಬಂದಿದೆ. ವೈದ್ಯರು ಮಾತ್ರೆಗಳ ಜೊತೆಗೆ ದಿನವೂ ಅರ್ಧ ತಾಸು ನಡೆಯಲು ಹೇಳಿದ್ದಾರೆ. ಮಾತ್ರೆಯನ್ನು ಮನೆಯವರು ಮರೆಯದೆ ತಂದುಕೊಡುತ್ತಾರೆ, ನಡಿಗೆಯ ಮಾತು ಬಂದರೆ ಮಾತ್ರ, "ಮನೆತನಸ್ಥ ಹೆಣ್ಣುಮಗಳು ಸುಮ್ಮಸುಮ್ಮನೆ ರಸ್ತೆಯಲ್ಲಿ ಅಡ್ಡಾಡುವುದು ಚಂದವೇ? ಇದು ಪರದೇಶದವರ ಪದ್ಧತಿ" ಎನ್ನುತ್ತಾರಂತೆ. ನಮ್ಮ ಹಿರಿಯರ ಗ್ರಂಥಗಳಲ್ಲಿ ಇದಕ್ಕೆ ಆಧಾರವುಂಟೇ ಎಂಬುದು ಆ ತಾಯಿಯ ಪ್ರಶ್ನೆ.

ಆಧಾರವುಂಟು, ಅದೂ ಸ್ಪಷ್ಟವಾಗಿ ಉಂಟು. ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯವು ದೇಹಕ್ಕೆ ಸ್ಥಿರತೆಯನ್ನೂ ಬಲವನ್ನೂ ಕೊಡುವ ಚಲನೆಯೇ ವ್ಯಾಯಾಮವೆಂದು ಹೇಳಿ, ಅದನ್ನು ಪ್ರಮಾಣವರಿತು ಮಾಡಬೇಕೆಂದು ವಿಧಿಸುತ್ತದೆ. ಔಷಧಕ್ಕೆ ಪ್ರಮಾಣವಿರುವಂತೆ ವ್ಯಾಯಾಮಕ್ಕೂ ಪ್ರಮಾಣವುಂಟು. ಸುಶ್ರುತನು ಆ ಪ್ರಮಾಣವನ್ನು ಅರ್ಧಬಲವೆಂದು ಕರೆದನು. ಉಸಿರು ಬಾಯಿಗೆ ಬರತೊಡಗಿದಾಗ ನಮ್ಮ ಶಕ್ತಿಯ ಅರ್ಧ ವ್ಯಯವಾಯಿತೆಂದು ತಿಳಿದು ನಿಲ್ಲಿಸಬೇಕು. ಇದನ್ನು ಮೀರಿ ಸಾಹಸ ಮಾಡುವವನು ಆನೆಯನ್ನು ಎಳೆಯಹೋದ ಸಿಂಹದಂತೆ ಕೆಡುತ್ತಾನೆಂಬುದು ವಾಗ್ಭಟನ ಎಚ್ಚರಿಕೆ.

ಇಂದು ನಾವು ಸಕ್ಕರೆ ಕಾಯಿಲೆಯೆನ್ನುವುದು ಹಿಂದಿನವರು ಪ್ರಮೇಹವೆಂದು ಹೆಸರಿಸಿದ ರೋಗಗಳ ಗುಂಪಿಗೆ ಸೇರುತ್ತದೆ. ಹಗಲು ನಿದ್ರೆ, ಆಲಸ್ಯ, ವ್ಯಾಯಾಮವಿಲ್ಲದಿರುವಿಕೆಗಳನ್ನು ಸುಶ್ರುತನು ಅದರ ಕಾರಣಗಳಲ್ಲಿ ಎಣಿಸುತ್ತಾನೆ. ಚಿಕಿತ್ಸೆಯಲ್ಲಿ ಆತನು ಹೇಳುವ ಮಾತು ಇನ್ನೂ ವಿಸ್ಮಯಕರವಾದುದು. ಔಷಧಕ್ಕೆ ಹಣವಿಲ್ಲದ ರೋಗಿಯು ಊರಿಗೊಂದು ರಾತ್ರಿ ತಂಗುತ್ತ, ಭಿಕ್ಷಾನ್ನ ಉಣ್ಣುತ್ತ, ಮುನಿಯಂತೆ ನೂರು ಯೋಜನ ನಡೆಯಲಿ, ಇಲ್ಲವೇ ಹೊಲ ಉಳಲಿ, ಬಾವಿ ತೋಡಲಿ ಎಂದು ಆತನ ಆದೇಶ. ಊರಿಂದೂರಿಗೆ ನಡೆಯುವ ಚರಮೂರ್ತಿಗಳನ್ನು ಕಂಡ ನಮ್ಮ ನಾಡಿಗೆ ಈ ಚಿತ್ರ ಅಪರಿಚಿತವಲ್ಲ.

ಹಾಗಾದರೆ ವ್ಯಾಯಾಮವು ಹೊರಗಿನದೆಂಬ ಭಾವನೆ ಹೇಗೆ ಬಂದಿತು? ನಮ್ಮ ಸೀಮೆಯಲ್ಲಿ ಸಾಮು ಎಂದರೆ ಗರಡಿಮನೆ, ಕೆಮ್ಮಣ್ಣು, ಕುಸ್ತಿ, ಸಂಗ್ರಾಣಿ ಕಲ್ಲು. ಈ ಪರಂಪರೆ ಬಹು ಹಳೆಯದು. ಪುಲಿಗೆರೆಯೆನಿಸಿದ್ದ ಲಕ್ಷ್ಮೇಶ್ವರವನ್ನೂ ಒಳಗೊಂಡು ಈ ನಾಡನ್ನಾಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು (ಆಳ್ವಿಕೆ 1127–1138) ತನ್ನ ಮಾನಸೋಲ್ಲಾಸದಲ್ಲಿ ಮಲ್ಲರ ಸಾಧನೆಗಳನ್ನು ವಿವರಿಸಿದ್ದಾನೆ. ಭಾರ ಎತ್ತುವುದು, ಈಜುವುದು, ಕಂಬದ ಸಾಧನೆಗಳ ಜೊತೆಗೆ ನಡಿಗೆಯೂ ಅಲ್ಲಿದೆ. ಆದರೆ ಗರಡಿಮನೆ ತರುಣರ ಪಾಲಾಯಿತು. ವೈದ್ಯಗ್ರಂಥ ಕಪಾಟಿನ ಪಾಲಾಯಿತು. ಮನೆಯ ಹೆಣ್ಣುಮಕ್ಕಳಿಗೆ ಬೀಸುಕಲ್ಲು, ಒನಕೆ, ಬಾವಿಯ ಹಗ್ಗ ಇದ್ದವು. ಬೆಟಗೇರಿಯ ನೇಕಾರನಿಗೆ ಕುಣಿಮಗ್ಗದ ಕಾಲುಮಣೆ ಇತ್ತು. ಕಾಯಕವೇ ವ್ಯಾಯಾಮವಾಗಿದ್ದಾಗ ಬೇರೆ ವ್ಯಾಯಾಮವನ್ನು ಯಾರೂ ಕೇಳಲಿಲ್ಲ. ಇಂದು ಬೀಸುಕಲ್ಲು ಹಿತ್ತಿಲು ಸೇರಿದೆ, ಗಿರಣಿ ಬಂದಿದೆ. ಕಷ್ಟ ತಪ್ಪಿದುದು ಒಳ್ಳೆಯದೇ. ಆದರೆ ಅದರೊಡನೆ ಹೋದ ಚಲನೆಯ ಸ್ಥಾನದಲ್ಲಿ ನಾವು ಏನನ್ನೂ ಇಡಲಿಲ್ಲ.

ಅನ್ಯರಿಗೆ ಹೇಳುವ ಮುನ್ನ ನಮ್ಮ ತಪ್ಪನ್ನೂ ಒಪ್ಪಬೇಕು. ಈ ಪ್ರಕರಣಗಳನ್ನು ವರ್ಷಗಟ್ಟಲೆ ಚಾಪೆಯ ಮೇಲೆ ಕುಳಿತು ಪಾಠ ಹೇಳಿದ ನಾವು, ಗದುಗಿನಲ್ಲಿ ಎರಡು ಓಣಿಯಾಚೆ ಹೋಗಲೂ ಆಟೋ ಕರೆಯುತ್ತಿದ್ದೆವು. ಐವತ್ತೆಂಟನೆಯ ವಯಸ್ಸಿನಲ್ಲಿ ರಕ್ತಪರೀಕ್ಷೆಯ ಚೀಟಿ ಕೈಗೆ ಬಂದಾಗ, ಬಾಯಿಪಾಠವಿದ್ದುದು ಮೈಗೆ ಬಂದಿರಲಿಲ್ಲವೆಂದು ನಾಚಿದೆವು.

ಪಾಶ್ಚಾತ್ಯ ವೈದ್ಯರೂ ಈ ಸತ್ಯವನ್ನು ತಮ್ಮ ದಾರಿಯಲ್ಲಿ ಕಂಡುಕೊಂಡರು. 1953ರಲ್ಲಿ ಜೆರಿ ಮಾರಿಸ್ ಮತ್ತು ಸಂಗಡಿಗರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳನ್ನು ಕುರಿತ ಅಧ್ಯಯನವನ್ನು ಪ್ರಕಟಿಸಿದರು. ದಿನವಿಡೀ ಕುಳಿತೇ ಇರುವ ಚಾಲಕರಿಗಿಂತ ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆಯಿತ್ತು. ದುಡಿಯುವ ಸ್ನಾಯು ರಕ್ತದೊಳಗಿನ ಸಕ್ಕರೆಯನ್ನು ಹೀರಿಕೊಳ್ಳುತ್ತದೆಂಬುದು ಈಗ ಸಿದ್ಧವಾದ ಸಂಗತಿ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರಕ್ಕೆ ಐದು ದಿನ ಅರ್ಧ ತಾಸು ನಡೆದರೆ ಅಷ್ಟಾಯಿತು.

ಒಂದು ವಿಷಯದಲ್ಲಿ ಮಾತ್ರ ಸುಶ್ರುತನ ಮಾತನ್ನು ಅನುಸರಿಸಲಾಗದು. ಆತನು ಪಾದರಕ್ಷೆಯಿಲ್ಲದೆ ನಡೆಯಲು ಹೇಳಿದನು. ಸಕ್ಕರೆ ಕಾಯಿಲೆಯವರ ಪಾದಕ್ಕೆ ಸ್ಪರ್ಶಜ್ಞಾನ ಕುಂದಿ, ಆದ ಗಾಯ ಅರಿವಿಗೆ ಬಾರದೆ ಬೆಳೆಯಬಹುದು. ಆದ್ದರಿಂದ ಮೆತ್ತನೆಯ ಪಾದರಕ್ಷೆ ಅವಶ್ಯ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ ನಡೆಯಬೇಕು, ಸೆರಗಿನಲ್ಲಿ ತುಸು ಸಕ್ಕರೆ ಇಟ್ಟುಕೊಳ್ಳಬೇಕು. ನಡೆಯುವಾಗ ಎದೆನೋವು, ತಲೆಸುತ್ತು ಕಂಡರೆ ನಿಲ್ಲಬೇಕು. ನಮ್ಮ ಬೇಸಿಗೆಯಲ್ಲಿ ಸೂರ್ಯೋದಯದ ಹೊತ್ತೇ ಒಳ್ಳೆಯದು.

ಮುಂಡರಗಿ, ಶಿರಹಟ್ಟಿಗಳ ಕಡೆಯವರು ಕಪ್ಪತಗುಡ್ಡದ ಗಿಡಮೂಲಿಕೆಗಳನ್ನು ಭಕ್ತಿಯಿಂದ ತರುತ್ತಾರೆ. ಆ ಗುಡ್ಡವನ್ನು ಹತ್ತಿಳಿಯುವುದೂ ಔಷಧವೇ ಎಂಬುದು ನಮ್ಮ ಅರಿಕೆ.

ಆ ತಾಯಿಯ ಮನೆಯ ಹಿರಿಯರಲ್ಲಿ ನಮ್ಮದೊಂದು ಬಿನ್ನಹ. ಮಾತ್ರೆ ತಂದುಕೊಡುವಷ್ಟೇ ಶ್ರದ್ಧೆಯಿಂದ ಅವರಿಗೆ ಬೆಳಗಿನ ಅರ್ಧ ತಾಸನ್ನೂ ಕೊಡಿರಿ. ಆ ಹೊತ್ತಿನ ಒಲೆಯ ಕೆಲಸವನ್ನು ಮತ್ತೊಬ್ಬರು ನೋಡಿಕೊಳ್ಳಲಿ. ಜನ ಏನೆಂದಾರು ಎಂಬ ಅಂಜಿಕೆಯಿದ್ದರೆ ಮಗನೋ ಸೊಸೆಯೋ ಜೊತೆಗೆ ನಡೆಯಲಿ. ಅವರಿಗೂ ಅದು ಬೇಕಾದುದೇ. ಶರಣು.