ನಗಿಸುವುದಕ್ಕೂ ತಯಾರಿ ಬೇಕು

ಭಾಷಣ ಸ್ಪರ್ಧೆ ಎಂದರೆ ನಮಗೆ ನೆನಪಾಗುವುದು ‘ವೇದಿಕೆ ಮೇಲಿನ ಗಣ್ಯರೇ...’ ಎಂದು ಶುರುವಾಗುವ ಉರುಹೊಡೆದ ಪ್ರಬಂಧ. ಅಮೆರಿಕದ ಹೈಸ್ಕೂಲು ಮಕ್ಕಳಿಗೆ ಅದೇ ಸ್ಪರ್ಧೆಗಳಲ್ಲಿ ‘ಹ್ಯೂಮರಸ್ ಇಂಟರ್‌ಪ್ರಿಟೇಷನ್’ ಎಂಬ ವಿಭಾಗವೂ ಇದೆ. 1925ರಲ್ಲಿ ಹುಟ್ಟಿದ, ಈಗ ನ್ಯಾಷನಲ್ ಸ್ಪೀಚ್ ಆ್ಯಂಡ್ ಡಿಬೇಟ್ ಅಸೋಸಿಯೇಷನ್ ಎನಿಸಿಕೊಂಡಿರುವ ಸಂಸ್ಥೆ ಇದನ್ನು ನಡೆಸುತ್ತದೆ. ಯಾರೋ ಬರೆದ ನಾಟಕವನ್ನೋ ಕಥೆಯನ್ನೋ 10 ನಿಮಿಷಕ್ಕೆ ಕತ್ತರಿಸಿ, ಬಾಯಿಪಾಠ ಮಾಡಿ, ಎಲ್ಲ ಪಾತ್ರಗಳನ್ನೂ ಒಬ್ಬರೇ ಆಡಿ ತೋರಿಸಬೇಕು. ವೇಷ ಇಲ್ಲ, ಕೈಯಲ್ಲಿ ಕೋಲೂ ಇಲ್ಲ. ಬೆನ್ನು ಬಗ್ಗಿದರೆ ಅಜ್ಜಿ, ಮರುಕ್ಷಣ ನೆಟ್ಟಗಾದರೆ ಮೊಮ್ಮಗ!

ಇದನ್ನು ‘ಟೈಂಪಾಸ್’ ಅನ್ನುವವರಿದ್ದಾರೆ. ನನಗೆ ಡಿಬೇಟ್‌ಗಿಂತ ಇದೇ ಕಷ್ಟ ಅನಿಸುತ್ತದೆ. ಚರ್ಚೆಯಲ್ಲಿ ಗೊತ್ತಿಲ್ಲದ್ದನ್ನೂ ಜೋರು ದನಿಯಲ್ಲಿ ದಾಟಿಸಬಹುದು. ಬಾರದ ನಗುವನ್ನು ಎಲ್ಲಿಂದ ತರುವುದು?

ಆಗ ಕಾಣುವ ಅಡ್ಡದಾರಿಯೇ ಉಚ್ಚಾರಣೆಯ ಅಣಕ. ‘ದಿ ಸಿಂಪ್ಸನ್ಸ್’ ಕಾರ್ಟೂನಿನ ಭಾರತೀಯ ಅಂಗಡಿಯವ ಅಪುವಿನ ಇಂಗ್ಲಿಷಿಗೆ ಅಮೆರಿಕ ವರ್ಷಗಟ್ಟಲೆ ನಕ್ಕಿತು. ಭಾರತೀಯ ಮೂಲದವರ ಟೀಕೆಯ ನಂತರ, ಅವನಿಗೆ ದನಿ ಕೊಡುತ್ತಿದ್ದ ಹ್ಯಾಂಕ್ ಅಜಾರಿಯಾ 2020ರಲ್ಲಿ ಆ ಪಾತ್ರ ಬಿಟ್ಟರು. ಅಪು ವಿಷಯದಲ್ಲಿ ಸಿಟ್ಟಾಗುವ ನಾವು, ಕಾಲೇಜು ಫೆಸ್ಟ್‌ನಲ್ಲಿ ಕಲಬುರಗಿಯ ಹುಡುಗನ ಕನ್ನಡವನ್ನು, ತೊದಲುವವರ ಮಾತನ್ನು ಅಣಕಿಸಿದರೆ ಶಿಳ್ಳೆ ಹೊಡೆಯುತ್ತೇವೆ. ಅದೇ ಹುಡುಗ ನಾಳೆ ಗ್ರೂಪ್ ಡಿಸ್ಕಷನ್‌ನಲ್ಲಿ ಬಾಯಿ ಬಿಡದೆ ಕೂತರೆ ‘ಕಮ್ಯುನಿಕೇಷನ್ ಸ್ಕಿಲ್ ಇಲ್ಲ’ ಎಂಬ ಷರಾ ಬೇರೆ.

ಮಿಮಿಕ್ರಿ ನಿಲ್ಲಿಸಿ ಎನ್ನುತ್ತಿಲ್ಲ. ಫೆಸ್ಟ್ ಸಂಘಟಕರು ಒಂದು ಕಥೆ ಕೊಟ್ಟು, 10 ನಿಮಿಷ ಕೊಟ್ಟು, ಐದಾರು ಪಾತ್ರ ಕಟ್ಟಿ ನಗಿಸಿ ಎಂದು ಹೇಳಿ ನೋಡಲಿ. ಆ ಕಲಬುರಗಿ ಹುಡುಗನೂ ಹೆಸರು ಕೊಟ್ಟಾನು.