ದೀಪ ಆರಿದ್ದು ಯಾರ ಮನೆಯದು?

ಮನೆಯ ದೀಪ ಆರಿದರೆ ಗೃಹಿಣಿ ಮೊದಲು ಇಣುಕುವುದು ನೆರೆಮನೆಯ ಕಿಟಕಿಯತ್ತ. ಯೂಟ್ಯೂಬ್ ನಿಂತಾಗಲೂ ಅದೇ ಪರೀಕ್ಷೆ: ಬೇರೆ ತಾಣಗಳು ತೆರೆದುಕೊಂಡರೆ ದೋಷ ಮನೆಯ ತಂತಿಯದಲ್ಲ. ಆದರೆ 2020ರ ಡಿಸೆಂಬರ್ 14ರ ಸಂಜೆ ಅಷ್ಟು ಪರೀಕ್ಷೆ ಸಾಲಲಿಲ್ಲ. ಕೊರೊನಾದ ದಿನಗಳು, ಮಕ್ಕಳ ಪಾಠವೂ ಪರದೆಯ ಮೇಲೆಯೇ. ಭಾರತದಲ್ಲಿ ಐದೂಕಾಲು ಗಂಟೆಯ ಸುಮಾರಿಗೆ ಯೂಟ್ಯೂಬ್, ಜಿಮೇಲ್‌ಗಳೆರಡೂ ಕೈಕೊಟ್ಟವು. ಮುಕ್ಕಾಲು ಗಂಟೆ ಇದೇ ಪಾಡು. ಪಾಸ್‌ವರ್ಡ್ ಮರೆತೆವೇನೋ ಎಂದು ಯಾರಾದರೂ ತಮ್ಮನ್ನೇ ಶಂಕಿಸಿಕೊಂಡಿದ್ದರೆ ಆಶ್ಚರ್ಯವಿಲ್ಲ. ವಾಸ್ತವವಾಗಿ ಚಿತ್ರಗಳೆಲ್ಲ ಉಗ್ರಾಣದಲ್ಲಿ ಸುರಕ್ಷಿತವಾಗಿದ್ದವು. ಕೆಟ್ಟಿದ್ದು ಬಂದವರ ಗುರುತು ಹಿಡಿಯುವ ವ್ಯವಸ್ಥೆ. ಅದಕ್ಕೆ ಮೀಸಲಾದ ಶೇಖರಣಾಸ್ಥಳವನ್ನು ಗೂಗಲ್‌ನ ಸ್ವಯಂಚಾಲಿತ ಯಂತ್ರವೇ ತಪ್ಪಾಗಿ ಮೊಟಕುಗೊಳಿಸಿತ್ತು. ದ್ವಾರಪಾಲಕನಿಗೇ ಮರೆವು! ಹೆಸರು ಹೇಳಿ ಬಂದವರೆಲ್ಲ ಹೊರಗೆ ನಿಂತರು. ಖಾತೆಯ ಗೊಡವೆಯಿಲ್ಲದೆ, ಅನಾಮಧೇಯರಾಗಿ ಕದ ತಟ್ಟಿದವರು ಒಳಹೊಕ್ಕು ನಿಶ್ಚಿಂತೆಯಿಂದ ಚಿತ್ರ ನೋಡಿದರು.